ನೂರು ರೂಪಾಯಿ ಬಾಂಡಿನ ಪಾಲುಪಟ್ಟಿ ಕೋರ್ಟಲ್ಲಿ ನಿಲ್ಲಲ್ಲ

ಊರ ಹಿರಿಯರು ಕೂತು ಪಾಲು ಮಾಡ್ತಾರೆ. ಟೈಪಿಂಗ್ ಅಂಗಡಿಯಲ್ಲಿ ಬಾಂಡ್ ಪೇಪರ್ ಮೇಲೆ ಬರೆಸಿ, ನೋಟರಿ ಸೀಲ್ ಹಾಕಿಸಿ, ‘ಇಷ್ಟಾದ್ರೆ ಸಾಕು, ರಿಜಿಸ್ಟರ್ ಯಾಕೆ’ ಅಂತಾರೆ. ಹೀಗೆ ಹೇಳಿ ದುಡ್ಡು ಎಣಿಸಿಕೊಳ್ಳೋರು ಮುಂದೆ ಕೇಸ್ ಆದಾಗ ಕೋರ್ಟ್ ಕಟ್ಟೆ ಹತ್ತಲ್ಲ. ಹತ್ತೋದು ನೀವು.

1908ರ ನೋಂದಣಿ ಕಾಯ್ದೆಯ 17ನೇ ಕಲಂ ನೋಡಿ. 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿ ಹಂಚುವ ಪತ್ರ ನೋಂದಣಿ ಆಗಲೇಬೇಕು. ಇವತ್ತು 100 ರೂಪಾಯಿಗೆ ಒಂದು ಗಾಡಿ ಗೊಬ್ಬರವೂ ಬರಲ್ಲ, ಯಾವ ಗುಂಟೆ ತಾನೇ ತಪ್ಪಿಸಿಕೊಳ್ಳುತ್ತೆ? ನೋಂದಣಿ ಆಗದಿದ್ದರೆ 49ನೇ ಕಲಂ ಅಡ್ಡ ಬರುತ್ತೆ. ಯಾವ ಸರ್ವೆ ನಂಬರ್ ಯಾರ ಪಾಲಿಗೆ ಬಂತು ಅನ್ನೋದಕ್ಕೆ ಆ ಕಾಗದ ಸಾಕ್ಷಿ ಅಲ್ಲ. ತಮ್ಮ ತನ್ನ ಪಾಲಲ್ಲಿ ಸಾಲ ಮಾಡಿ ಬೋರ್ ಕೊರೆಸಿ ಅಡಿಕೆ ಹಾಕಿರ್ತಾನೆ. ಅಣ್ಣನ ಮಗ ‘ಪಾಲೇ ಆಗಿಲ್ಲ’ ಅಂತ ದಾವೆ ಹಾಕಿದರೆ ತಮ್ಮನ ಕೈಯಲ್ಲಿರೋ ಮುಖ್ಯ ದಾಖಲೆಯೇ ಬಿದ್ದುಹೋಗುತ್ತೆ. ಅಣ್ಣತಮ್ಮಂದಿರು ಬೇರೆಯಾದರು, ಯಾರು ಹೇಗೆ ಸ್ವಾಧೀನದಲ್ಲಿದ್ದಾರೆ ಅನ್ನೋ ಪೂರಕ ವಿಷಯಕ್ಕಷ್ಟೇ ಕೋರ್ಟ್ ಅದನ್ನ ನೋಡಬಹುದು. ಮುದ್ರಾಂಕ ಶುಲ್ಕ ಕಡಿಮೆ ಇದ್ದರೆ ಅದಕ್ಕೂ ಇಲ್ಲ. ಮೊದಲು ಬಾಕಿ ಶುಲ್ಕ, ಅದರ ಮೇಲೆ ಹತ್ತು ಪಟ್ಟು ದಂಡ ಕಟ್ಟಬೇಕು.

‘ಸುಪ್ರೀಂ ಕೋರ್ಟೇ ನೋಂದಣಿ ಬೇಡ ಅಂದಿದೆ’ ಅನ್ನೋರಿದ್ದಾರೆ. ಅರ್ಧ ಸತ್ಯ. 1976ರ ಕಾಳೆ ಪ್ರಕರಣದಲ್ಲಿ ಹೇಳಿದ್ದು ಇಷ್ಟು: ಮೊದಲೇ ಬಾಯಿಮಾತಲ್ಲಿ ಒಪ್ಪಂದ ಆಗಿ ಮುಗಿದಿದ್ದರೆ, ಆಮೇಲೆ ನೆನಪಿಗೆ ಬರೆದಿಟ್ಟ ಚೀಟಿಗೆ ನೋಂದಣಿ ಬೇಕಿಲ್ಲ. ‘ಈ ದಿನದಿಂದ ಈ ಜಮೀನು ಇವರಿಗೆ’ ಅಂತ ಬರೆದದ್ದು ನೆನಪಿನ ಚೀಟಿ ಆಗಲ್ಲ. ಈಗ ಕೆಲವರು ಜಾಣತನ ಮಾಡಿ ‘ಹಿಂದೆಯೇ ಪಾಲಾಗಿದೆ’ ಅಂತ ಟೈಪ್ ಮಾಡಿಸ್ತಾರೆ. ನಿಜವಾಗಿ ಆಗಿತ್ತಾ ಅಂತ ಪಾಟಿಸವಾಲಲ್ಲಿ ಕೇಳದೆ ಬಿಡ್ತಾರಾ?

ನನಗೆ ಜಾಸ್ತಿ ಸಿಟ್ಟು ಬರೋದು ಇನ್ನೊಂದಕ್ಕೆ. ಈ ಬಾಂಡುಗಳಲ್ಲಿ ಅಕ್ಕತಂಗಿಯರ ಸಹಿಯೇ ಇರಲ್ಲ. ‘2004ಕ್ಕಿಂತ ಮೊದಲೇ ಪಾಲಾಗಿದೆ’ ಅಂತ ಹಳೇ ಕಾಗದ ತೋರಿಸಿ ಅವರನ್ನ ಹೊರಗಿಡ್ತಾರೆ. ಆ ಆಟಕ್ಕೆ ಉತ್ತರಾಧಿಕಾರ ಕಾಯ್ದೆಯೇ ಅಡ್ಡ ನಿಂತಿದೆ: ನೋಂದಾಯಿತ ಪತ್ರ ಬೇಕು, ಇಲ್ಲವೇ ಕೋರ್ಟ್ ಡಿಕ್ರಿ ಬೇಕು. ಬಾಯಿಮಾತಿನ ಪಾಲನ್ನ ಸರ್ಕಾರಿ ದಾಖಲೆಗಳ ಬೆಂಬಲ ಇದ್ದಾಗ, ಅಪರೂಪಕ್ಕೆ ಮಾತ್ರ ಒಪ್ಪಬಹುದು ಅಂತ 2020ರ ವಿನೀತಾ ಶರ್ಮಾ ತೀರ್ಪು ಹೇಳಿದೆ.

ಹಾಗಂತ ಸರ್ಕಾರ ಸಾಚಾ ಅಲ್ಲ. 11ಇ ನಕ್ಷೆಗೆ ಅರ್ಜಿ ಹಾಕಿ ಸರ್ವೆಯರ್ ದಾರಿ ಕಾದು ಸುಸ್ತಾದವರೇ ಬಾಂಡ್ ಪೇಪರ್ ಹಿಡಿಯೋದು. ನಕ್ಷೆ ಬೇಗ ಕೊಡಿ ಅಂತ ಕೇಳೋಣ, ಜಗಳ ಆಡೋಣ. ಆದರೆ ಮನೆಯಲ್ಲಿ ಈಗಾಗಲೇ ಅಂಥ ಕಾಗದ ಇದ್ದರೆ, ಸಹಿ ಹಾಕಿದವರು ಬದುಕಿರುವಾಗಲೇ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ವಿಭಾಗ ಪತ್ರ ಮಾಡಿಸಿ. ಹೋಗುವಾಗ ಅಕ್ಕತಂಗಿಯರನ್ನೂ ಕರೆದುಕೊಂಡು ಹೋಗಿ.