ವೋಟಿಗೆ 18 ಸಾಕು, ಕಾಲೇಜಿಗೆ ಸಾಲಲ್ಲೇನ್ರಿ?

(1/5)
“ಓದೋ ಹುಡುಗರಿಗೆ ರಾಜಕೀಯ ಯಾಕ್ ಬೇಕು?” ಭಾತಂಬ್ರಾದಾಗ ನಾ ಕೇಳಿದ್ದೇ ಕೇಳಿದ್ದು, ನಿಮ್ಮೂರಾಗ ನೀವೂ ಕೇಳಿರ್ತೀರಿ. ಎಲೆಕ್ಷನ್ ಬರ್ಲಿ, ಇದೇ ಮಂದಿ ಅದೇ ಹುಡುಗರ ಕೈಗೆ ಝಂಡಾ ಕೊಟ್ಟು, ಬೈಕಿಗೆ ಪೆಟ್ರೋಲ್ ಹಾಕ್ಸಿ ರ‍್ಯಾಲಿಗೆ ಕಳಿಸ್ತಾರ. ನಮ್ಮ ಗಂಟಲು ಬೇಕು, ನಮ್ಮ ಪ್ರಶ್ನೆ ಬೇಡ.

(2/5)
1989ರಾಗ ಸಂವಿಧಾನದ 61ನೇ ತಿದ್ದುಪಡಿ ಜಾರಿಗೆ ಬಂದು, ವೋಟಿನ ವಯಸ್ಸು 21ರಿಂದ 18ಕ್ಕೆ ಇಳೀತು. ಹೆಚ್ಚು ಕಡಿಮೆ ಅದೇ ಹೊತ್ತಿಗೆ ಕರ್ನಾಟಕದ ಕಾಲೇಜುಗಳಾಗ ವಿದ್ಯಾರ್ಥಿ ಸಂಘದ ಚುನಾವಣೆ ಬಂದ್ ಆಯ್ತು. ಎಂಎಲ್‌ಎ ಆರಿಸೋ ಅಕಲ್ ನಮಗದ, ಕಾಲೇಜಿನ ಸೆಕ್ರೆಟರಿ ಆರಿಸೋ ಅಕಲ್ ಇಲ್ಲ! ಬಿಕಾಂ ಓದೋ ನನಗ ಈ ಲೆಕ್ಕ ಟ್ಯಾಲಿ ಆಗಂಗಿಲ್ಲ.

(3/5)
“ಹೊಡೆದಾಟ ಆಗ್ತಾವ, ಪಾರ್ಟಿ, ಜಾತಿ ಒಳಗ ಬರ್ತಾವ” ಅಂತಾರ. ಭಯ ಸುಳ್ಳಲ್ಲ. ಅದಕ್ಕೇ ಲಿಂಗ್ಡೋ ಸಮಿತಿ ನಿಯಮ ಬರೀತು, 2006ರಾಗ ಸುಪ್ರೀಂ ಕೋರ್ಟ್ ಒಪ್ಪಿತು: ಒಬ್ಬರ ಖರ್ಚು 5,000 ರೂಪಾಯಿ ದಾಟಬಾರದು, ಪಾರ್ಟಿ ದುಡ್ಡು ಮುಟ್ಟಬಾರದು, ಪೋಸ್ಟರ್ ಕೈಲೇ ಬರೀಬೇಕು, ನಿಲ್ಲೋರಿಗೆ 75% ಹಾಜರಿ ಇರಬೇಕು. ನಿಯಮ ರೆಡಿ ಅದ, ಮನಸ್ಸು ರೆಡಿ ಇಲ್ಲ.

ಬಂದ್ ಮಾಡಿ 35 ವರ್ಷ ದಾಟ್ತು. ಜಾತಿ ಹೋಯ್ತೇನ್ರಿ? ಸ್ಟೇಟಸ್ ತೆಗೆದು ನೋಡ್ರಿ. ಒಂದೇ ಬೆಂಚಿನ ದೋಸ್ತರು ಅಲ್ಲೇ ಬೈದಾಡಿ ಮಾತು ಬಿಡ್ತಾರ. ಎದುರು ಕೂತು ವಾದ ಮಾಡೋದು, ಸೋಲೋದು, ಮರುದಿನ ಗೆದ್ದವನ ಜೊತಿ ಚಾ ಕುಡಿಯೋದು ಎಲ್ಲಿ ಕಲೀಬೇಕು ನಾವು?

(4/5)
ಕಾಲೇಜು ಬಾಗಿಲು ತೆಗೆಯೋತನಕ ಸುಮ್ಮನೆ ಕೂಡಬ್ಯಾಡ್ರಿ. ಊರಾಗ ಗ್ರಾಮ ಸಭೆ ಅದ. ಊರಿನ ವೋಟರ್ ಲಿಸ್ಟಿನಾಗ ಹೆಸರಿದ್ರ ನೀವೂ ಅದರ ಸದಸ್ಯರು. ಆರು ತಿಂಗಳಿಗೊಮ್ಮೆ ಆದರೂ ಕರೀಲೇಬೇಕು, ಕಾನೂನೇ ಅದ. ಹೋಗಿ ಕೇಳ್ರಿ: ಚರಂಡಿಗೆ ಎಷ್ಟು ರೊಕ್ಕ ಬಂತು? ಯಾವ ಓಣಿಗೆ ಖರ್ಚಾಯ್ತು? ಲೈಬ್ರರಿ ಎಷ್ಟೊತ್ತಿಗೆ ತೆಗೀತಾರ? ಚರಂಡಿ ನೀರು ಪಾರ್ಟಿ ನೋಡಿ ಹರಿಯಂಗಿಲ್ಲ, ಅದಕ್ಕೇ ಅಲ್ಲಿ ಎರಡೂ ಕಡೆಯವರು ಕೂಡಿ ಮಾತಾಡಬಹುದು. ಪಂಚಾಯಿತಿಗೆ ನಿಲ್ಲಾಕ 21 ಆದ್ರ ಸಾಕು. ನನಗ ಇನ್ನೊಂದೇ ವರ್ಷ.

(5/5)
ಬಸವಕಲ್ಯಾಣ ಇರೋದು ನಮ್ಮ ಜಿಲ್ಲಾದಾಗೇ. 12ನೇ ಶತಮಾನದ ಅನುಭವ ಮಂಟಪದ ಹೆಸರು ಹೇಳದ ಲೀಡರ್ ಇಲ್ಲಿಲ್ಲ. ಅಂಬಿಗ, ಮಡಿವಾಳ, ಸಮಗಾರ ಎಲ್ಲಾರೂ ಕೂತು ಪ್ರಶ್ನೆ ಕೇಳಿದ ನೆಲ ಅಂತ ಸ್ಟೇಜ್ ಮ್ಯಾಲ ಹೇಳ್ತೀರಿ. ಅದೇ ನೆಲದ ಕಾಲೇಜಿನಾಗ ನಾವು ಪ್ರಶ್ನೆ ಕೇಳಿದ್ರ “ಸುಮ್ನೆ ಓದು” ಅಂತೀರಿ. ಒಂದನ್ನರ ಬಿಡ್ರಿ.

ಒಪ್ಪದವರು ಬೈಯಬ್ಯಾಡ್ರಿ, ಕಾರಣ ಬರೀರಿ. ಒಪ್ಪಿದವರು ಲೈಕ್ ಒತ್ತಿ ಮಲಗಬ್ಯಾಡ್ರಿ. ನಿಮ್ಮೂರ ಗ್ರಾಮ ಸಭೆ ಯಾವತ್ತದ, ಪಂಚಾಯಿತಿಗೆ ಹೋಗಿ ಕೇಳಿ ಬಂದು ಕೆಳಗ ಹಾಕ್ರಿ.

#ಭಾತಂಬ್ರಾ #ಭಾಲ್ಕಿ #ಬೀದರ್ #ವಿದ್ಯಾರ್ಥಿಚುನಾವಣೆ #ಗ್ರಾಮಸಭೆ