ಎಂಜಿನು ಹೊಸದು, ಬ್ರೇಕು ಹಳತು

ಬಂದಡ್ಕ, ದೇಲಂಪಾಡಿ, ಪಾಣತ್ತೂರು, ಬಾಯಾರು ಕಡೆಗಳ ಗುಡ್ಡದ ದಾರಿಗಳಲ್ಲಿ ಹಳೆಯ ಮಹೀಂದ್ರ ಜೀಪುಗಳೂ ಅದೇ ವಂಶದ ಪಿಕಪ್ ಗಾಡಿಗಳೂ ಇಂದಿಗೂ ದುಡಿಯುತ್ತಿವೆ. ಅಡಿಕೆ, ಗೊಬ್ಬರ, ಕಲ್ಲು ಎಲ್ಲವನ್ನೂ ಹೊರುವ ಈ ಗಾಡಿಗಳನ್ನು ಮಾರಲು ಅನೇಕ ಮನೆಯವರಿಗೆ ಮನಸ್ಸಿಲ್ಲ. ಹೊಸದನ್ನು ಕೊಳ್ಳುವ ಶಕ್ತಿಯೂ ಎಲ್ಲರಿಗಿಲ್ಲ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಬಣ್ಣಕ್ಕೆ, ಟಾರ್ಪಾಲಿಗೆ, ಹೆಚ್ಚು ಬಲದ ಎಂಜಿನಿಗೆ ಹಣ ಸುರಿಯುವವರು ಬ್ರೇಕಿನ ಸರದಿ ಬಂದಾಗ ಕೈ ಹಿಂದೆಗೆಯುವುದು ವಿಷಾದದ ಸಂಗತಿ.

ವೇಗ ಎರಡು ಪಟ್ಟಾದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಆ ಶಕ್ತಿಯೆಲ್ಲ ಕಾವಾಗಿ ಡ್ರಮ್ಮಿಗೆ ಇಳಿಯುತ್ತದೆ. ಕಾದ ಡ್ರಮ್ಮು ಹಿಗ್ಗಿ ಶೂವಿನಿಂದ ದೂರ ಸರಿಯುತ್ತದೆ. ಪೆಡಲು ಕೆಳಗೆ ಹೋದರೂ ಗಾಡಿ ನಿಲ್ಲುವುದಿಲ್ಲ. 2021ರ ಜನವರಿ 3ರಂದು ಪಾಣತ್ತೂರು ಬಳಿ ಮದುವೆ ದಿಬ್ಬಣದ ಬಸ್ಸು ಮನೆಯೊಂದರ ಮೇಲೆ ಉರುಳಿ 7 ಮಂದಿ ಅಸುನೀಗಿದುದನ್ನು ನಾವು ಮರೆಯಲಾರೆವು. ಇಳಿಜಾರು ಯಾವ ವಾಹನಕ್ಕೂ ರಿಯಾಯಿತಿ ತೋರುವುದಿಲ್ಲ.

ಬ್ರೇಕು ಸುಧಾರಣೆ ಎಂದೊಡನೆ ನಾಲ್ಕೂ ಗಾಲಿಗಳಿಗೆ ಡಿಸ್ಕ್ ಹಾಕಿಸುವ ದೊಡ್ಡ ಖರ್ಚನ್ನು ನೆನೆದು ಹಿಂಜರಿಯಬೇಕಾಗಿಲ್ಲ. ಕ್ರಮವರಿತು ನಡೆದರೆ ಸಾಕು. ಮೊದಲನೆಯದಾಗಿ ಇದ್ದುದನ್ನು ಸರಿಪಡಿಸಬೇಕು: ರಬ್ಬರ್ ಹೋಸು, ವೀಲ್ ಸಿಲಿಂಡರಿನ ಕಿಟ್ಟು, ಒಳ್ಳೆಯ ಲೈನಿಂಗು, ಮಿತಿಯೊಳಗೆ ಕಡೆದ ಡ್ರಮ್ಮು. ಬ್ರೇಕು ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ಎಣ್ಣೆ ಹೊಸದಾಗಿರುವಾಗ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಹೀರಿದ ಮೇಲೆ ಈ ಮಿತಿ 140ಕ್ಕೆ ಇಳಿಯುತ್ತದೆ. ನಮ್ಮಂಥ ಮಳೆನಾಡಿನಲ್ಲಿ ಎರಡು ವರ್ಷಕ್ಕೊಮ್ಮೆಯಾದರೂ ಎಣ್ಣೆ ಬದಲಾಯಿಸುವುದು ದುಂದುವೆಚ್ಚವಲ್ಲ.

ಎರಡನೆಯದು ಮಾಸ್ಟರ್ ಸಿಲಿಂಡರು. ಹಳೆಯ ಗಾಡಿಗಳಲ್ಲಿ ನಾಲ್ಕು ಗಾಲಿಗಳಿಗೂ ಒಂದೇ ಎಣ್ಣೆದಾರಿ. ಒಂದು ಪೈಪು ಒಡೆದರೆ ಎಲ್ಲವೂ ಹೋಯಿತು. ಮುಂದಕ್ಕೂ ಹಿಂದಕ್ಕೂ ಬೇರೆ ಬೇರೆ ದಾರಿಯಿರುವ ಟ್ಯಾಂಡಮ್ ಸಿಲಿಂಡರು ಹಾಕಿಸಿದರೆ ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತದೆ. ಕಡಿಮೆ ಹಣದಲ್ಲಿ ಜೀವ ಉಳಿಸುವ ಬದಲಾವಣೆ ಇದೇ ಎಂದು ನಾವು ಭಾವಿಸುತ್ತೇವೆ. ಆ ಬಳಿಕ ಬೂಸ್ಟರು. ಡೀಸೆಲ್ ಎಂಜಿನಿನಲ್ಲಿ ಅದಕ್ಕೆ ಬೇಕಾದ ನಿರ್ವಾತ ತಾನಾಗಿ ಸಿಗದು, ವ್ಯಾಕ್ಯೂಮ್ ಪಂಪು ಬೇಕೇ ಬೇಕು. ಕೈಯಲ್ಲಿ ಇನ್ನೂ ಹಣವಿದ್ದರೆ ಕೊನೆಗೆ ಮುಂದಿನ ಗಾಲಿಗಳಿಗೆ ಮಾತ್ರ ಡಿಸ್ಕ್. ಖಾಲಿ ಪಿಕಪ್ಪಿನ ಹಿಂಭಾಗ ಹಗುರವಾದುದರಿಂದ ಹಿಂದಿನ ಬ್ರೇಕು ಅತಿಯಾದರೆ ಗಾಲಿ ಬಿಗಿದು ಗಾಡಿ ಅಡ್ಡ ತಿರುಗುತ್ತದೆ. ಹಿಂದು ಮುಂದಿನ ಹೊಂದಿಕೆಯನ್ನು ಬಲ್ಲ ಮೆಕ್ಯಾನಿಕನೇ ಈ ಕೆಲಸಕ್ಕೆ ಬೇಕು.

ಗುಜರಿಯಿಂದ ಹಬ್ಬು, ಬ್ರಾಕೆಟ್ಟು ತರಬಹುದು. ಆದರೆ ರಬ್ಬರು, ಲೈನಿಂಗು, ಹೋಸುಗಳಲ್ಲಿ ಉಳಿತಾಯ ಸಲ್ಲದು. ಹಳೆಯ ಲೈನಿಂಗಿನ ಧೂಳಿನಲ್ಲಿ ಆಸ್ಬೆಸ್ಟಸ್ ಇರುವುದುಂಟು. ಅದನ್ನು ಗಾಳಿ ಹೊಡೆದು ಹಾರಿಸುವ ವರ್ಕ್‌ಶಾಪಿನ ರೂಢಿ ನಿಲ್ಲಬೇಕು. ಒದ್ದೆ ಬಟ್ಟೆಯಿಂದ ಒರೆಸುವುದಕ್ಕೆ ಖರ್ಚೇನೂ ಇಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೇ ವಿಧಿ ವಾಹನದ ಮೂಲ ರೂಪದ ಬದಲಾವಣೆಗೆ ಕಟ್ಟುಪಾಡು ಹಾಕಿದೆ. ಆದುದರಿಂದ ದೊಡ್ಡ ಬದಲಾವಣೆಗೆ ಮೊದಲು ಆರ್‌ಟಿಓ ಕಚೇರಿಯಲ್ಲಿ ವಿಚಾರಿಸುವುದು ಲೇಸು.

ಎಷ್ಟು ಒಳ್ಳೆಯ ಬ್ರೇಕಿದ್ದರೂ ಡೀಸೆಲ್ ಉಳಿಸಲು ಎಂಜಿನು ಆರಿಸಿ ನ್ಯೂಟ್ರಲಿನಲ್ಲಿ ಇಳಿಯುವವನನ್ನು ಅದು ಕಾಯದು. ಎಂಜಿನು ನಿಂತರೆ ಪಂಪೂ ನಿಲ್ಲುತ್ತದೆ, ಬೂಸ್ಟರಿನ ಬಲ ಬೇಗನೆ ತೀರುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬ ಹಿರಿಯ ಚಾಲಕರ ಮಾತು ಇಂದಿಗೂ ಸತ್ಯ.

ಜಿಲ್ಲೆಯ ಐಟಿಐಗಳೂ ಪಂಚಾಯತುಗಳೂ ವರ್ಕ್‌ಶಾಪಿನವರೂ ಕೂಡಿಕೊಂಡು ಪ್ರತಿವರ್ಷ ಮಳೆಗಾಲಕ್ಕೆ ಮೊದಲು ಹಳೆಯ ಗಾಡಿಗಳ ಬ್ರೇಕು ತಪಾಸಣೆಯ ಶಿಬಿರ ನಡೆಸಬಾರದೇಕೆ? ಸಂಬಂಧಪಟ್ಟವರು ಯೋಚಿಸಲಿ. ಅಲ್ಲಿಯ ತನಕ ಗಾಡಿಯ ಯಜಮಾನರು ಈ ಸಲದ ಅಡಿಕೆ ಹಣದಲ್ಲಿ ಒಂದು ಪಾಲನ್ನು ಬಣ್ಣಕ್ಕೆ ಮೊದಲು ಬ್ರೇಕಿಗೆ ತೆಗೆದಿಡಲಿ ಎಂಬುದೇ ನಮ್ಮ ವಿನಂತಿ.