ಚಪ್ಪಾಳೆಗೆ ಷರತ್ತು ಏಕೆ?

ವೆಲಿಂಗ್ಟನ್ ಫೀನಿಕ್ಸ್ ತಂಡ ಆಸ್ಟ್ರೇಲಿಯದ ಎ-ಲೀಗ್‌ನಲ್ಲಿ ಆಡುವುದರಿಂದ ಲೋವರ್ ಹಟ್‌ನ ಫುಟ್‌ಬಾಲ್ ಪ್ರಿಯರಿಗೆ ನೆಸ್ಟೊರಿ ಇರಾಂಕುಂಡ ಎಂಬ ಹೆಸರು ಹೊಸದಲ್ಲ. ಬುರುಂಡಿಯ ಅಂತರ್ಯುದ್ಧದಿಂದ ತಪ್ಪಿಸಿಕೊಂಡ ದಂಪತಿಗೆ 2006ರಲ್ಲಿ ತಾಂಜಾನಿಯದ ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿದ ಈ ಮುಂಚೂಣಿ ಆಟಗಾರ, ಹದಿನೈದನೆಯ ವಯಸ್ಸಿನಲ್ಲೇ ಅಡಿಲೇಡ್ ಯುನೈಟೆಡ್ ಪರ ಕಣಕ್ಕಿಳಿದರು. 2024ರಲ್ಲಿ ಜರ್ಮನಿಯ ಬಯರ್ನ್ ಮ್ಯೂನಿಕ್ ಸೇರಿದರು. ಅದೇ ವರ್ಷ ಆಸ್ಟ್ರೇಲಿಯದ ರಾಷ್ಟ್ರೀಯ ತಂಡಕ್ಕೂ ಆಡಿದರು. ಅವರ ವೇಗಕ್ಕೆ, ಫ್ರೀಕಿಕ್‌ಗಳಿಗೆ ಮನಸೋತವರಲ್ಲಿ ವಲಸಿಗ ಕನ್ನಡಿಗರ ಮಕ್ಕಳೂ ಇದ್ದರೆ ಅಚ್ಚರಿಯೇನಿಲ್ಲ.

ಆದರೆ ಮೈದಾನದ ಪ್ರೀತಿಗೆ ಷರತ್ತುಗಳಿರುತ್ತವೆ. 2021ರ ಜುಲೈನಲ್ಲಿ ಯೂರೋ ಕಪ್ ಫೈನಲ್‌ನ ಪೆನಾಲ್ಟಿಗಳನ್ನು ಗೋಲಾಗಿಸಲಾಗದ ಇಂಗ್ಲೆಂಡಿನ ರ‍್ಯಾಶ್‌ಫರ್ಡ್, ಸ್ಯಾಂಚೊ, ಸಾಕಾ ಅವರ ಮೇಲೆ ಅದೇ ರಾತ್ರಿ ಜನಾಂಗೀಯ ನಿಂದನೆಯ ಸುರಿಮಳೆಯಾಯಿತು. ಗೆದ್ದಾಗ ದೇಶದ ಮಕ್ಕಳು, ಸೋತಾಗ ಪರಕೀಯರು.

ಇದು ಬಿಳಿಯರ ರೋಗವೆಂದು ಕನ್ನಡಿಗರು ಕೈತೊಳೆದುಕೊಳ್ಳುವಂತಿಲ್ಲ. 2016ರ ಜನವರಿ 31ರಂದು ಬೆಂಗಳೂರಿನಲ್ಲಿ ಸುಡಾನಿನ ವ್ಯಕ್ತಿಯೊಬ್ಬರ ಕಾರು ಮಹಿಳೆಯೊಬ್ಬರ ಸಾವಿಗೆ ಕಾರಣವಾಯಿತು. ಅಪಘಾತಕ್ಕೆ ಯಾವ ಸಂಬಂಧವೂ ಇಲ್ಲದೆ ಬಳಿಕ ಅದೇ ದಾರಿಯಲ್ಲಿ ಬಂದ ತಾಂಜಾನಿಯದ ವಿದ್ಯಾರ್ಥಿನಿಯನ್ನು ಗುಂಪು ಥಳಿಸಿ ಅವಮಾನಿಸಿತು. ಕಾರಿಗೆ ಬೆಂಕಿ ಹಚ್ಚಿತು. ಇದು ಜನಾಂಗೀಯ ದಾಳಿಯಲ್ಲವೆಂದು ಅಂದಿನ ಗೃಹಸಚಿವರು ಹೇಳಿದರು. ಇರಾಂಕುಂಡ ಹುಟ್ಟಿದ ನೆಲವೇ ಆ ವಿದ್ಯಾರ್ಥಿನಿಯ ತಾಯ್ನಾಡು. ಒಬ್ಬರಿಗೆ ಚಪ್ಪಾಳೆ, ಇನ್ನೊಬ್ಬರಿಗೆ ಹೊಡೆತ. ನಡುವೆ ಇದ್ದದ್ದು ಒಂದು ಚೆಂಡು ಮಾತ್ರ.

ಶತಮಾನಗಳಿಂದ ಉತ್ತರ ಕನ್ನಡದ ಕಾಡಂಚಿನಲ್ಲಿ ಬಾಳಿದ ಸಿದ್ದಿಯರ ಕಥೆಯೂ ಬೇರೆಯಲ್ಲ. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಅವರ ಮಕ್ಕಳನ್ನು ಓಟಕ್ಕೆಂದು ಹುಡುಕಿ ತಂದಿತು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು. ದೇಶಕ್ಕೆ ಅವರ ಕಾಲುಗಳು ಬೇಕಿದ್ದವು. ಅವರಿಗೆ ಉತ್ತರ ಕನ್ನಡದಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ.

ನ್ಯೂಜಿಲೆಂಡ್ 2020ರಲ್ಲಿ ತನ್ನ ವಾರ್ಷಿಕ ನಿರಾಶ್ರಿತರ ಕೋಟಾವನ್ನು 1,000ದಿಂದ 1,500ಕ್ಕೆ ಏರಿಸಿತು. ಹಟ್ ಕಣಿವೆಯಲ್ಲೂ ಅಂಥ ಕುಟುಂಬಗಳು ನೆಲೆಸಿವೆ. ಕೌಶಲದ ವೀಸಾ ಹಿಡಿದು ಬಂದ ಕನ್ನಡಿಗರು ತಾವು ಬೇರೆ, ಅವರು ಬೇರೆ ಎಂದುಕೊಳ್ಳುವುದು ಸುಲಭ. ಆದರೆ ಉಪಯೋಗವಿರುವಷ್ಟು ಕಾಲ ಮಾತ್ರ ಸ್ವಾಗತ ಎಂಬ ಷರತ್ತು ವೀಸಾದವರ ನೆತ್ತಿಯ ಮೇಲೂ ತೂಗುತ್ತಿದೆ. ಕೆಲಸ ಹೋದ ದಿನ ಅದು ತಿಳಿಯುತ್ತದೆ.

ಆದ್ದರಿಂದ ಪರೀಕ್ಷೆ ನಡೆಯುವುದು ಮೈದಾನದ ಹೊರಗೆ. ಮನೆಯೊಳಗೆ ಇನ್ನೂ ಸಲೀಸಾಗಿ ಉದುರುವ ‘ಕರಿಯ’ ಎಂಬ ಮಾತು ನಿಲ್ಲಬೇಕು. ಮದುವೆಯ ಜಾಹೀರಾತಿನ ಬೆಳ್ಳಗಿನ ಬಣ್ಣದ ಹಂಬಲ ಅಳಿಯಬೇಕು. ಶನಿವಾರ ಬೆಳಿಗ್ಗೆ ಮಗನೊಂದಿಗೆ ಚೆಂಡಾಡಿದ, ಗೋಲು ಹೊಡೆಯಲು ಬಾರದ ಆಫ್ರಿಕದ ಹುಡುಗನೂ ಆಟದ ನಂತರ ಮನೆಯ ಊಟಕ್ಕೆ ಕೂರಬೇಕು. ಸಮಾನತೆ ಮೊದಲು ಬೇಕಾಗಿರುವುದು ಪ್ರಸಿದ್ಧಿಯಿಲ್ಲದ ಅಂಥ ಹುಡುಗನಿಗೆ.